ಹಾಸನದಲ್ಲಿ ಅವ್ವನಿಗೆ ಮಾಡಿಸಿದ ಡೆಕ್ಸಾ ಸ್ಕ್ಯಾನ್: ಪರೀಕ್ಷೆಗೆ ಪೂರ್ತಿ ಅಂಕ, ವರದಿಗೆ ಅರ್ಧ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ 65 ದಾಟಿದ ಹೆಂಗಸರಿದ್ದರೆ, ಅಥವಾ 50 ದಾಟಿದ ಮೇಲೆ ನಿಂತ ಜಾಗದಲ್ಲೇ ಜಾರಿಬಿದ್ದು ಮೂಳೆ ಮುರಿದುಕೊಂಡವರು ಯಾರಾದರೂ ಇದ್ದರೆ, ಡೆಕ್ಸಾ ಸ್ಕ್ಯಾನ್ (ಮೂಳೆಯಲ್ಲಿ ಖನಿಜ ಎಷ್ಟಿದೆ ಅಂತ ಎಕ್ಸ್‌ರೇಯಿಂದ ಅಳೆಯುವ ಪರೀಕ್ಷೆ) ಮಾಡಿಸಿ. ದುಡ್ಡು ದಂಡ ಆಗುವುದಿಲ್ಲ. ಆದರೆ ಸೆಂಟರ್‌ನವರು ಕೈಗೆ ಕೊಡುವ ಆ ಎರಡು ಹಾಳೆಯನ್ನು ತಂದು ಬೀರುವಿನಲ್ಲಿ ಇಟ್ಟುಬಿಟ್ಟರೆ ಏನೂ ಪ್ರಯೋಜನ ಇಲ್ಲ. ಅದನ್ನು ಓದಿ ಹೇಳುವವರು ಬೇಕು. ನಮಗೆ ಆಗಿದ್ದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಈ ಪರೀಕ್ಷೆ ಬಗ್ಗೆ ಕನ್ನಡದಲ್ಲಿ ಕೇಳಿದರೆ ಸರಿಯಾಗಿ ಹೇಳುವವರು ಸಿಗುವುದು ಕಡಿಮೆ.

ನಾವು ಹೋಗಿದ್ದು ಹಾಸನದ ಒಂದು ಖಾಸಗಿ ಡಯಾಗ್ನೋಸ್ಟಿಕ್ ಸೆಂಟರ್‌ಗೆ. ಹೆಸರು ಹಾಕುತ್ತಿಲ್ಲ. ನಾನು ಹೇಳುವ ಕೊರತೆ ಅವರೊಬ್ಬರದೇ ಅಲ್ಲ, ಬೆಂಗಳೂರಿನಲ್ಲಿ ಮಾಡಿಸಿದ ನಮ್ಮ ನೆಂಟರ ವರದಿಯನ್ನೂ ತರಿಸಿ ನೋಡಿದೆ, ಅದೂ ಹೆಚ್ಚುಕಡಿಮೆ ಹೀಗೇ ಇತ್ತು.

ಅವ್ವನಿಗೆ 68. ಆಲೂರು ಕಡೆ ಊರು. ಮಳೆಗಾಲದಲ್ಲಿ ನಮ್ಮಲ್ಲಿ ಅಂಗಳ ಪೂರ್ತಿ ಪಾಚಿ ಕಟ್ಟುತ್ತದೆ, ಗೊತ್ತಲ್ವಾ. ಕೊಟ್ಟಿಗೆಯಿಂದ ಬರುವಾಗ ಜಾರಿ, ಬಲಗೈ ಊರಿ ಬಿದ್ದರು. ಮಣಿಕಟ್ಟು ಮುರೀತು. ಮೇಲಿಂದ ಬಿದ್ದಿದ್ದಲ್ಲ, ಗಾಡಿ ಗುದ್ದಿದ್ದಲ್ಲ, ನಡೆಯುತ್ತಾ ಇದ್ದವರು ಬಿದ್ದಿದ್ದು ಅಷ್ಟೇ. ಆಸ್ಪತ್ರೆಯಲ್ಲಿ ಚೆನ್ನಾಗಿಯೇ ನೋಡಿದರು, ಎಕ್ಸ್‌ರೇ ತೆಗೆದು, ಎಳೆದು ಕೂಡಿಸಿ, ಪ್ಲಾಸ್ಟರ್ ಹಾಕಿದರು. ಮೂಳೆ ಕೂಡಿತು. ‘ವಯಸ್ಸಾಯ್ತಲ್ಲ, ಮೂಳೆ ವೀಕ್ ಇರುತ್ತೆ’ ಅಂತ ಹೇಳಿ, ಒಂದು ಪಟ್ಟಿ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟು ಕಳಿಸಿದರು. ಎಷ್ಟು ವೀಕ್, ಯಾಕೆ ವೀಕ್, ಮುಂದೆ ಇನ್ನೊಂದು ಮುರಿಯದ ಹಾಗೆ ಏನು ಮಾಡಬೇಕು, ಇದನ್ನು ಯಾರೂ ಎತ್ತಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇಲ್ಲೇ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಆ ಮೂಳೆ ಆಗಲೇ ದುರ್ಬಲವಾಗಿದೆ ಅಂತ ಅರ್ಥ. ಮಣಿಕಟ್ಟು ಮುರಿದುಕೊಂಡವರಿಗೆ ಮುಂದೆ ಬೆನ್ನುಮೂಳೆ, ಸೊಂಟದ ಮೂಳೆ ಮುರಿಯುವ ಅಪಾಯ ಉಳಿದವರಿಗಿಂತ ಜಾಸ್ತಿ. ಪರೀಕ್ಷೆಗೆ ಕಳಿಸಬೇಕಾದ ಸಮಯವೇ ಅದು.

ಡೆಕ್ಸಾಗೆ ಹೋಗುವ ಮೊದಲು ನಮ್ಮೂರಿನ ಹತ್ತಿರದ ಪೇಟೆಯಲ್ಲಿ ಒಂದು ಉಚಿತ ಮೂಳೆ ತಪಾಸಣೆ ಶಿಬಿರ ನಡೆದಿತ್ತು. ಹಿಮ್ಮಡಿಗೆ ಜೆಲ್ ಹಚ್ಚಿ, ಒಂದು ಪುಟ್ಟ ಯಂತ್ರದೊಳಗೆ ಕಾಲು ಇಡಿಸಿ, ಎರಡು ನಿಮಿಷದಲ್ಲಿ ಚೀಟಿ ಹರಿದುಕೊಡುತ್ತಾರೆ. ಅವ್ವನ ಚೀಟಿಯಲ್ಲಿ ‘ಸಾಧಾರಣ’ ಅಂತ ಬಂತು. ಅವರ ಪಕ್ಕ ಕೂತಿದ್ದ, ಅವ್ವನಿಗಿಂತ ತುಂಬಾ ಚಿಕ್ಕ ವಯಸ್ಸಿನ ಹೆಂಗಸಿಗೆ ‘ತೀರಾ ಕಡಿಮೆ’ ಅಂತ ಬಂತು, ಆಕೆ ಹೆದರಿಕೊಂಡು ಅಲ್ಲೇ ಮಾರುತ್ತಿದ್ದ ಪುಡಿ ಡಬ್ಬ ಕೊಂಡುಕೊಂಡರು. ಆ ಯಂತ್ರ ಅಲ್ಟ್ರಾಸೌಂಡಿನದು. ಶಬ್ದದ ಅಲೆ ಹಿಮ್ಮಡಿ ಮೂಳೆಯ ಮೂಲಕ ಹೇಗೆ ಹಾದುಹೋಗುತ್ತದೆ ಅಂತ ಅಳೆಯುತ್ತದೆ. ಅದು ನಿಷ್ಪ್ರಯೋಜಕ ಅನ್ನುವುದಿಲ್ಲ, ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು ಅಂತ ಜರಡಿ ಹಿಡಿಯಲು ಆಗುತ್ತದೆ. ಆದರೆ ಅದರ ಅಂಕ ಬೇರೆ, ಡೆಕ್ಸಾ ಅಂಕ ಬೇರೆ. ಎರಡನ್ನೂ ಒಂದೇ ಗೆರೆಯಲ್ಲಿಟ್ಟು ರೋಗ ಇದೆ ಇಲ್ಲ ಅಂತ ಹೇಳಲು ಬರುವುದಿಲ್ಲ. ಶಿಬಿರದ ಚೀಟಿ ನೋಡಿ ಯಾರೂ ಧೈರ್ಯ ತಂದುಕೊಳ್ಳಬೇಡಿ, ಹೆದರಿ ಪುಡಿಯನ್ನೂ ಕೊಳ್ಳಬೇಡಿ.

ಈಗ ಸ್ಕ್ಯಾನಿನ ವಿಷಯ. ಸೊಂಟ ಮತ್ತು ಬೆನ್ನು ಎರಡೂ ಸೇರಿ ನಾವು ಕೊಟ್ಟಿದ್ದು ಎರಡೂವರೆ ಸಾವಿರ ರೂಪಾಯಿ. ಮೊದಲೇ ಫೋನ್ ಮಾಡಿ ಹೆಸರು ಬರೆಸಿದ್ದೆವು, ಆದರೂ ಕಾಯಿಸಿದರು. ಇನ್ನೊಂದು, ಸೆಂಟರ್ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕಡಿದಾದ ಮೆಟ್ಟಿಲು, ಒಂದೇ ಕಡೆ ಕಂಬಿ. ಮೂಳೆ ಟೊಳ್ಳಾದವರು, ಮಂಡಿ ಹಿಡಿದುಕೊಂಡವರು ಬರುವ ಜಾಗ ಇದು. ಅವ್ವನನ್ನು ಹಿಡಿದುಕೊಂಡು ಹತ್ತಿಸುವಾಗ ನನಗೆ ಜೀವ ಬಾಯಿಗೆ ಬಂದಿತ್ತು. ಕೌಂಟರ್‌ನಲ್ಲಿ ಇದನ್ನು ಹೇಳಿದೆ, ‘ಬಿಲ್ಡಿಂಗ್ ಬಾಡಿಗೆದು ಸಾರ್’ ಅಂದರು.

ಆದರೆ ಒಳಗೆ ಸ್ಕ್ಯಾನ್ ಮಾಡಿದ ಹುಡುಗಿ ಬಗ್ಗೆ ಎರಡು ಮಾತಿಲ್ಲ. ಮೊದಲು ಕೇಳಿದ್ದು, ‘ಅಮ್ಮಾ, ಇವತ್ತು ಕ್ಯಾಲ್ಸಿಯಂ ಮಾತ್ರೆ ತಗೊಂಡ್ರಾ?’ ಅಂತ. ಹೊಟ್ಟೆಯಲ್ಲಿ ಕರಗದೆ ಉಳಿದ ಮಾತ್ರೆ ಬೆನ್ನುಮೂಳೆಯ ಮುಂದೆ ಬಂದರೆ ಅದೂ ಮೂಳೆ ಲೆಕ್ಕಕ್ಕೆ ಸೇರಿಬಿಡುತ್ತದೆ, ಅದಕ್ಕೇ ಹಿಂದಿನ ದಿನದಿಂದ ನಿಲ್ಲಿಸಬೇಕು. ಇತ್ತೀಚೆಗೆ ಬೇರೆ ಯಾವುದಾದರೂ ಸ್ಕ್ಯಾನಿಗೆ ಬಣ್ಣದ ಔಷಧಿ ಕುಡಿಸಿದ್ದರಾ, ಚುಚ್ಚಿದ್ದರಾ ಅಂತ ಕೇಳಿದಳು. ಆಮೇಲೆ ಸೆರಗಿನ ಪಿನ್ನು, ರವಿಕೆಯ ಹುಕ್ಕು, ಲಂಗದ ಲಾಡಿಗೆ ಅವ್ವ ಕಟ್ಟಿಕೊಂಡಿದ್ದ ಬೀಗದ ಕೈ, ಎಲ್ಲ ಒಂದೊಂದಾಗಿ ನೋಡಿ ತೆಗೆಸಿ, ಗೌನು ಕೊಟ್ಟಳು. ಗಂಡಸರಿಗೆ ಬೆಳ್ಳಿ ಉಡಿದಾರ ಇದ್ದರೆ ಅದನ್ನೂ ತೆಗೆಯಬೇಕಂತೆ, ಸರಿಯಾಗಿ ಸ್ಕ್ಯಾನ್ ಆಗುವ ಜಾಗಕ್ಕೇ ಅಡ್ಡ ಬರುತ್ತದೆ. ಅವ್ವ ‘ಏನ್ ಮಗಾ, ಕೊರಳಲ್ಲಿರೋದನ್ನೂ ತೆಗೀಬೇಕಾ’ ಅಂದರು. ‘ಬೇಡಮ್ಮಾ, ಹೊಟ್ಟೆ ಮೇಲೆ ಬರದಂಗೆ ಮೇಲಕ್ಕೆ ಹಾಕ್ಕೊಳ್ಳಿ ಸಾಕು’ ಅಂದಳು.

ಹಾಸಿಗೆಯಂಥ ಮೇಜಿನ ಮೇಲೆ ಅಂಗಾತ ಮಲಗಿಸುತ್ತಾರೆ. ಬೆನ್ನಿಗೆ ತೆಗೆಯುವಾಗ ಮೀನಖಂಡದ ಕೆಳಗೆ ಒಂದು ದೊಡ್ಡ ಚೌಕದ ದಿಂಬು ಇಟ್ಟು ಕಾಲು ಎತ್ತಿಸಿದರು, ಬೆನ್ನು ಮೇಜಿಗೆ ಸಮನಾಗಿ ಕೂರಲಿ ಅಂತ. ಸೊಂಟಕ್ಕೆ ತೆಗೆಯುವಾಗ ಪಾದವನ್ನು ಒಳಗೆ ತಿರುಗಿಸಿ ಪಟ್ಟಿ ಕಟ್ಟಿದರು. ಯಂತ್ರದ ತೋಳು ಮೇಲೆ ನಿಧಾನವಾಗಿ ಆ ಕಡೆ ಈ ಕಡೆ ಓಡಾಡುತ್ತದೆ. ಸಿ.ಟಿ. ಸ್ಕ್ಯಾನಿನ ಥರ ಗೂಡಿನೊಳಗೆ ಹೋಗುವುದಿಲ್ಲ, ಸದ್ದೂ ಇಲ್ಲ, ಚುಚ್ಚುವುದೂ ಇಲ್ಲ. ಕಾಲು ಗಂಟೆಯೊಳಗೆ ಮುಗಿಯಿತು. ಎಕ್ಸ್‌ರೇ ಅಂದರೆ ಹೆದರುವವರಿಗೆ ಒಂದು ಮಾತು: ಇದರಲ್ಲಿ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಬಳಸುತ್ತಾರೆ, ಮಾಂಸ ಎಷ್ಟು ಮೂಳೆ ಎಷ್ಟು ಅಂತ ಬೇರೆ ಮಾಡಿ ಲೆಕ್ಕ ಹಾಕಲು. ಪ್ರಮಾಣ ತುಂಬಾ ಕಡಿಮೆ, ಮನೆಯಲ್ಲಿ ಸುಮ್ಮನೆ ಕೂತಿದ್ದರೂ ನೆಲದಿಂದ, ಆಕಾಶದಿಂದ ಒಂದೆರಡು ದಿನಕ್ಕೆ ನಮಗೆ ತಗಲುವಷ್ಟು.

ವರದಿ ಅರ್ಧ ಗಂಟೆಯಲ್ಲಿ ಕೈಗೆ ಬಂತು. ಮೊದಲ ಹಾಳೆ ಬೆನ್ನಿನದು, ಟಿ-ಸ್ಕೋರ್ -1.4. ಕೌಂಟರ್‌ನಲ್ಲಿದ್ದವರು ಆ ಹಾಳೆಯನ್ನಷ್ಟೇ ನೋಡಿ, ‘ಪರವಾಗಿಲ್ಲ, ಬರೀ ಆಸ್ಟಿಯೋಪೀನಿಯಾ, ಕ್ಯಾಲ್ಸಿಯಂ ಮುಂದುವರಿಸಿ’ ಅಂದುಬಿಟ್ಟರು. ಎರಡನೇ ಹಾಳೆ ಸೊಂಟದ್ದು, ಅದರಲ್ಲಿ ತೊಡೆಮೂಳೆಯ ಕತ್ತಿನ ಜಾಗದಲ್ಲಿ -2.7 ಇತ್ತು! ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಲೆಕ್ಕ ಇದು: -1 ಅಥವಾ ಅದಕ್ಕಿಂತ ಮೇಲೆ ಇದ್ದರೆ ಸರಿ, -1ರಿಂದ -2.5ರ ನಡುವೆ ಇದ್ದರೆ ಕಡಿಮೆ (ಇದೇ ಆಸ್ಟಿಯೋಪೀನಿಯಾ), -2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಬೆನ್ನು, ಸೊಂಟ ಎರಡನ್ನೂ ತೆಗೆದಾಗ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ಅಂದರೆ ಅವ್ವನಿಗೆ ಇರುವುದು ಆಸ್ಟಿಯೋಪೊರೋಸಿಸ್. ಔಷಧಿ ಬೇಕಾದ ಹಂತ. ಓದಲು ಬಾರದವರು ಒಬ್ಬರೇ ಬಂದಿದ್ದರೆ ‘ಪರವಾಗಿಲ್ಲ’ ಅಂತ ಕೇಳಿಸಿಕೊಂಡು ಬಸ್ಸು ಹತ್ತುತ್ತಿದ್ದರು.

ಈ ಟಿ-ಸ್ಕೋರ್ ಅಂದರೆ ಮೂಳೆ ತುಂಬಿಕೊಂಡಿರುವ ಹರೆಯದವರ ಸರಾಸರಿಗಿಂತ ನೀವು ಎಷ್ಟು ಕೆಳಗಿದ್ದೀರಿ ಅನ್ನುವ ಅಳತೆ. ಪಕ್ಕದಲ್ಲೇ ಝಡ್-ಸ್ಕೋರ್ ಇರುತ್ತದೆ, ಅದು ನಿಮ್ಮದೇ ವಯಸ್ಸಿನವರ ಜೊತೆ ಹೋಲಿಕೆ. ಅವ್ವನ ವಯಸ್ಸಿನವರು ಟಿ-ಸ್ಕೋರ್ ನೋಡಬೇಕು. ಟಿ-ಸ್ಕೋರ್ ಒಂದು ಅಂಕ ಇಳಿದರೆ ಮೂಳೆ ಮುರಿಯುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಸರಿ, ಬೆನ್ನು -1.4, ಸೊಂಟ -2.7. ಒಬ್ಬರದೇ ದೇಹದಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಇದನ್ನು ಹೇಳಿದ್ದು ನಾವು ಆಮೇಲೆ ತೋರಿಸಿದ ಮೂಳೆ ಡಾಕ್ಟ್ರು. ಬೆನ್ನಿನ ಹಾಳೆಯಲ್ಲಿ ಸೊಂಟದ ಮೇಲಿನ ನಾಲ್ಕು ಕಶೇರುಗಳ (ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆ) ಅಂಕ ಬೇರೆ ಬೇರೆ ಕೊಟ್ಟಿರುತ್ತಾರೆ. ಅವ್ವನದು ಮೇಲಿನ ಎರಡು -2ಕ್ಕಿಂತ ಕೆಳಗೆ, ಮೂರನೆಯದು -1.3, ನಾಲ್ಕನೆಯದು +0.3. ಡಾಕ್ಟ್ರು ಪೆನ್ನಿನಲ್ಲಿ ಆ ನಾಲ್ಕನೆಯದರ ಮೇಲೆ ಗೀಟು ಎಳೆದು, ‘ಇದು ಗಟ್ಟಿ ಮೂಳೆ ಅಲ್ಲ, ಸವೆದ ಕೀಲಿನ ಅಂಚಲ್ಲಿ ಬೆಳೆದಿರೋ ಮುಳ್ಳು’ ಅಂದರು. ವಯಸ್ಸಾದಂತೆ ಬೆನ್ನಿನ ಕೀಲು ಸವೆದು ಅಂಚಿನಲ್ಲಿ ಸುಣ್ಣ ಕೂರುತ್ತದೆ, ಹೊಟ್ಟೆಯ ದೊಡ್ಡ ರಕ್ತನಾಳದ ಗೋಡೆಯಲ್ಲೂ ಕೂರುತ್ತದೆ. ಯಂತ್ರಕ್ಕೆ ಅದೆಲ್ಲ ಮೂಳೆಯೇ. ಕುಸಿದು ಚಪ್ಪಟೆಯಾದ ಕಶೇರು ಕೂಡ ಒತ್ತಾಗಿ ಇರುವುದರಿಂದ ಒಳ್ಳೆ ಅಂಕ ತೋರಿಸಿಬಿಡುತ್ತದೆ. ಪಕ್ಕದ ಕಶೇರಿಗಿಂತ ಒಂದು ಅಂಕಕ್ಕೂ ಜಾಸ್ತಿ ವ್ಯತ್ಯಾಸ ಬಂದರೆ ಅದನ್ನು ಲೆಕ್ಕದಿಂದ ಬಿಡಬೇಕು ಅನ್ನುವ ನಿಯಮವೇ ಇದೆ. ಸೆಂಟರ್‌ನವರು ಬಿಟ್ಟಿರಲಿಲ್ಲ. ಬಿಟ್ಟು ನೋಡಿದರೆ ಬೆನ್ನು -2ರ ಹತ್ತಿರ ಬರುತ್ತದೆ.

ನನ್ನ ದೊಡ್ಡ ತಕರಾರು ಇದೇ. ಅಳೆದ ಕೈ ಒಳ್ಳೆಯದು, ಓದುವ ಕಣ್ಣು ಇಲ್ಲ. ವರದಿಯ ಕೆಳಗೆ ಸಹಿ ಇತ್ತು, ಮಾತು ಕಂಪ್ಯೂಟರಿನದೇ.

ಆ ಡಾಕ್ಟ್ರು ನಮಗೆ ಬಿಡಿಸಿ ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದಿದ್ದನ್ನು ಸೇರಿಸಿ ಬರೆಯುತ್ತೇನೆ. ಇದು ಗೊತ್ತಾದ ಮೇಲೆಯೇ ನನಗೆ ಈ ಅಂಕಗಳು ಅರ್ಥ ಆಗಿದ್ದು.

ಮೂಳೆ ಅಂದರೆ ಒಮ್ಮೆ ಬೆಳೆದು ಹಾಗೇ ನಿಂತುಬಿಡುವ ವಸ್ತು ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು 10%ರಷ್ಟು ಹಳೆಯದು ಹೋಗಿ ಹೊಸದು ಬರುತ್ತದೆ. ಕರಗಿಸುವ ಕೋಶಗಳು ಬೇರೆ, ಕಟ್ಟುವ ಕೋಶಗಳು ಬೇರೆ. ಕರಗಿಸುವವು ಆಸ್ಟಿಯೋಕ್ಲಾಸ್ಟ್, ರಕ್ತದ ಬಿಳಿಕಣಗಳ ವಂಶದವು. ಮೂಳೆಯ ಮೇಲೆ ಅಂಟಿ ಕೂತು ಆಮ್ಲ ಬಿಟ್ಟು ಹಳೇ ಮೂಳೆಯನ್ನು ಕರಗಿಸಿ ಗುಳಿ ಮಾಡುತ್ತವೆ. ಆ ಗುಳಿಗೆ ಕಟ್ಟುವ ಕೋಶಗಳು, ಆಸ್ಟಿಯೋಬ್ಲಾಸ್ಟ್, ಬಂದು ಮೊದಲು ಕೊಲಾಜೆನ್ ನಾರು ಹಾಸಿ, ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಕೂರಿಸುತ್ತವೆ. ಕರಗಿಸುವ ಕೆಲಸ ಕೆಲವೇ ವಾರ, ಕಟ್ಟುವುದಕ್ಕೆ ತಿಂಗಳುಗಟ್ಟಲೆ ಬೇಕು. ಕರಗಿಸುವ ಕೆಲಸ ಹೆಚ್ಚಾದರೆ ಕಟ್ಟುವವು ಹಿಂದೆ ಬೀಳುವುದು ಇದಕ್ಕೇ.

ಮೂರನೆಯ ಜಾತಿಯ ಕೋಶ ಇದೆ, ಆಸ್ಟಿಯೋಸೈಟ್. ಮೂಳೆಯಲ್ಲಿರುವ ಕೋಶಗಳಲ್ಲಿ 90%ಕ್ಕೂ ಜಾಸ್ತಿ ಇವೇ. ಕಟ್ಟುತ್ತಾ ಕಟ್ಟುತ್ತಾ ತಾವು ಕಟ್ಟಿದ ಮೂಳೆಯೊಳಗೇ ಹೂತುಹೋದ ಕೋಶಗಳು ಇವು, ಹತ್ತಾರು ವರ್ಷ ಅಲ್ಲೇ ಬದುಕಿರುತ್ತವೆ, ಕೂದಲಿಗಿಂತ ಸಣ್ಣ ಕಾಲುವೆಗಳ ಮೂಲಕ ಒಂದಕ್ಕೊಂದು ಕೈ ಚಾಚಿಕೊಂಡಿರುತ್ತವೆ. ನಾವು ನಡೆದಾಗ, ಭಾರ ಹೊತ್ತಾಗ ಮೂಳೆ ಎಲ್ಲಿ ಬಾಗಿತು, ಎಲ್ಲಿ ಸಣ್ಣ ಬಿರುಕು ಬಿಟ್ಟಿತು ಅಂತ ಗೊತ್ತಾಗುವುದು ಇವಕ್ಕೇ. ಇಲ್ಲಿ ಕಿತ್ತು ಹೊಸದು ಕಟ್ಟಿ ಅಂತ ಉಳಿದ ಕೋಶಗಳಿಗೆ ಸುದ್ದಿ ಮುಟ್ಟಿಸುವವೂ ಇವೇ. ಭಾರ ಬೀಳದೆ ಹೋದರೆ ಸ್ಕ್ಲೀರೋಸ್ಟಿನ್ ಅನ್ನುವ ಪ್ರೋಟೀನನ್ನು ಜಾಸ್ತಿ ಬಿಟ್ಟು ಕಟ್ಟುವ ಕೆಲಸವನ್ನು ತಡೆಯುತ್ತವೆ. ಬಾಹ್ಯಾಕಾಶಕ್ಕೆ ಹೋದವರಿಗೆ ಸೊಂಟದ ಮೂಳೆ ತಿಂಗಳಿಗೆ 1%ಕ್ಕೂ ಮೇಲೆ ಕರಗುವುದು ಭಾರವೇ ಇಲ್ಲದ್ದಕ್ಕೆ. ಅವ್ವ ಕಾಫಿ ತೋಟದಲ್ಲಿ ಮೂಟೆ ಹೊತ್ತವರು, ಮಂಡಿ ನೋವು ಶುರುವಾದ ಮೇಲೆ ಜಗುಲಿ ಬಿಟ್ಟು ಇಳಿಯುತ್ತಿರಲಿಲ್ಲ. ಮಂಡಿಗೆ ವಿಶ್ರಾಂತಿ ಅಂತ ನಾವೂ ಕೂರಿಸಿದ್ದೆವು.

ವಯಸ್ಸಾದಂತೆ ಈ ಮೂರೂ ಕೆಡುತ್ತವೆ. ಮೂಳೆ ತುಂಬಿಕೊಳ್ಳುವುದು ಸುಮಾರು 30ರವರೆಗೆ. ಆಮೇಲೆ ಪ್ರತಿ ಗುಳಿಯಲ್ಲೂ ತುಂಬುವುದು ಸ್ವಲ್ಪ ಕಡಿಮೆ ಬೀಳುತ್ತಾ ಹೋಗುತ್ತದೆ. ಕಟ್ಟುವ ಕೋಶ ಆಗಬೇಕಾದ ಮಜ್ಜೆಯ ಮೂಲಕೋಶಗಳು ಕೊಬ್ಬಿನ ಕೋಶಗಳಾಗಿ ಬದಲಾಗುತ್ತವೆ, ಮಜ್ಜೆಯಲ್ಲಿ ಕೊಬ್ಬು ತುಂಬುತ್ತದೆ. ಕೆಲವು ಕೋಶಗಳು ಸಾಯುವುದೂ ಇಲ್ಲ, ಕೆಲಸವನ್ನೂ ಮಾಡುವುದಿಲ್ಲ, ಸುತ್ತಲಿನವನ್ನು ಕೆಡಿಸುವ ರಸ ಬಿಡುತ್ತಾ ಕೂರುತ್ತವೆ. ಆಸ್ಟಿಯೋಸೈಟ್‌ಗಳು ಸತ್ತು ಅವು ಇದ್ದ ಗೂಡು ಖಾಲಿಯಾಗುತ್ತದೆ, ಎಷ್ಟೋ ಕಡೆ ಸುಣ್ಣ ತುಂಬಿ ಮುಚ್ಚಿಯೇ ಹೋಗುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಸುದ್ದಿ ಹೇಳುವವರಿಲ್ಲ. ಬಿರುಕು ಹಾಗೇ ಉಳಿದು, ಒಂದಕ್ಕೊಂದು ಸೇರುತ್ತಾ ಹೋಗುತ್ತವೆ.

ಹೆಂಗಸರಿಗೆ ಇದರ ಮೇಲೆ ಮುಟ್ಟು ನಿಲ್ಲುವ ಪೆಟ್ಟು. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇರುವಷ್ಟು ದಿನ ಕರಗಿಸುವ ಕೋಶಗಳ ಆಯಸ್ಸು ಗಿಡ್ಡ, ಕಟ್ಟುವ ಕೋಶಗಳ ಆಯಸ್ಸು ಉದ್ದ. ಅದು ಇಳಿದ ಕೂಡಲೇ ತಿರುವುಮುರುವು. ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲೇ ಕೆಲವರಿಗೆ 10ರಿಂದ 20%ವರೆಗೆ ಮೂಳೆ ಹೋಗಿಬಿಡುತ್ತದೆ. ಮೊದಲು ಹೋಗುವುದು ಒಳಗಿನ ಜಾಲರಿ ಮೂಳೆ, ಅದರಲ್ಲಿ ಅದಲುಬದಲು ಬೇಗ. ಮಣಿಕಟ್ಟಿನಲ್ಲಿ, ಬೆನ್ನುಮೂಳೆಯಲ್ಲಿ ಜಾಲರಿ ಜಾಸ್ತಿ, ಹಾಗಾಗಿ ಅಲ್ಲಿ ಮೊದಲು ಮುರಿಯುತ್ತದೆ. ಹೊರಗಿನ ಗಟ್ಟಿ ಮೂಳೆ ನಿಧಾನಕ್ಕೆ ಒಳಗಿನಿಂದ ತೆಳುವಾಗುತ್ತಾ ತೂತು ಬೀಳುತ್ತಾ ಬಂದು, ಸೊಂಟ ಮುರಿಯುವುದು ಇನ್ನೂ ವಯಸ್ಸಾದ ಮೇಲೆ. ಗಂಡಸರಿಗೆ ಜಾಲರಿಯ ಎಳೆಗಳು ಸಣ್ಣಗಾಗುತ್ತವೆ, ಹೆಂಗಸರಿಗೆ ಎಳೆಗಳು ಕಡಿದೇ ಹೋಗುತ್ತವೆ. ಕಡಿದ ಎಳೆಯನ್ನು ಮತ್ತೆ ಸೇರಿಸುವುದು ದೇಹಕ್ಕೆ ಬಹಳ ಕಷ್ಟ, ಕೂತು ಕಟ್ಟಲು ಜಾಗವೇ ಇರುವುದಿಲ್ಲ.

ಡೆಕ್ಸಾ ಹೇಳದೆ ಬಿಡುವುದು ಇಲ್ಲೇ. ಅದು ಅಳೆಯುವುದು ಖನಿಜ ಎಷ್ಟಿದೆ ಅಂತ ಮಾತ್ರ. ನಮ್ಮ ಹಳೇ ಹೆಂಚಿನ ಮನೆಯ ಮಾಡನ್ನು ಬಿಚ್ಚಿ ಮರದ ತೂಕ ಹಾಕಿದರೆ ಇಷ್ಟು ಕ್ವಿಂಟಾಲ್ ಅಂತ ಗೊತ್ತಾದೀತು, ಆದರೆ ಯಾವ ರೀಪು ಗೆದ್ದಲು ತಿಂದಿದೆ, ಯಾವ ಸಂದು ಬಿಟ್ಟಿದೆ ಅಂತ ತೂಕದಿಂದ ಗೊತ್ತಾಗುತ್ತಾ? ಜಾಲರಿ ಎಷ್ಟು ಕಡಿದಿದೆ, ಬಿರುಕು ಎಷ್ಟು ಸೇರಿವೆ, ಕೊಲಾಜೆನ್ ನಾರು ಹೇಗಿದೆ, ಇದು ಮೂಳೆಯ ಗುಣಮಟ್ಟ. ಕೊಲಾಜೆನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂಳೆಗೆ ಬಾಗುವ ಗುಣ ಕೊಡುವುದು ಅದೇ. ವರ್ಷಗಳು ಕಳೆದಂತೆ ರಕ್ತದ ಸಕ್ಕರೆ ಆ ನಾರುಗಳಿಗೆ ಅಂಟಿ, ನಾರು ನಾರಿನ ನಡುವೆ ಬೇಡದ ಗಂಟು ಬೀಳುತ್ತದೆ. ಮೂಳೆ ಪೆಡಸಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಇನ್ನೂ ಜಾಸ್ತಿ. ಟೈಪ್ 2 ಸಕ್ಕರೆ ಕಾಯಿಲೆಯವರ ಟಿ-ಸ್ಕೋರ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ, ಆದರೂ ಮೂಳೆ ಮುರಿಯುತ್ತದೆ. ನಮ್ಮ ಸೋದರತ್ತೆಗೆ ಸಕ್ಕರೆ ಇದೆ. ಅವರನ್ನೂ ಸ್ಕ್ಯಾನಿಗೆ ಕರೆದುಕೊಂಡು ಹೋಗಬೇಕು ಅಂದಾಗ ಡಾಕ್ಟ್ರು ಹೇಳಿದ್ದು, ‘ಮಾಡಿಸಿ, ಆದ್ರೆ ಅಂಕ ಚೆನ್ನಾಗಿ ಬಂತು ಅಂತ ಮೈಮರೀಬೇಡಿ’ ಅಂತ.

ಸಕ್ಕರೆ ಇಲ್ಲದವರಲ್ಲೂ ಬಿದ್ದು ಮೂಳೆ ಮುರಿದುಕೊಳ್ಳುವ ಎಷ್ಟೋ ಜನರ ಅಂಕ -2.5ಕ್ಕಿಂತ ಮೇಲೇ ಇರುತ್ತದೆ. ಹಾಗಂತ ಸ್ಕ್ಯಾನ್ ಬೇಡ ಅಂತ ಅಲ್ಲ. ಅದರ ಜೊತೆಗೆ ಇನ್ನೂ ಕೆಲವು ಮಾತು ಸೇರಬೇಕು. ಹಿಂದೆ ಮೂಳೆ ಮುರಿದಿತ್ತಾ, ಅಪ್ಪ ಅಮ್ಮನಿಗೆ ಸೊಂಟ ಮುರಿದಿತ್ತಾ, ಉಬ್ಬಸಕ್ಕೋ ಸಂಧಿವಾತಕ್ಕೋ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದೀರಾ, ಬೀಡಿ ಸಿಗರೇಟು ಕುಡಿತ ಇದೆಯಾ, ತೂಕ ಎಷ್ಟು. ಇದನ್ನೆಲ್ಲ ಹಾಕಿ ಮುಂದಿನ 10 ವರ್ಷದಲ್ಲಿ ಮುರಿಯುವ ಸಾಧ್ಯತೆ ಎಷ್ಟು ಅಂತ ಹೇಳುವ ಫ್ರಾಕ್ಸ್ ಅನ್ನುವ ಲೆಕ್ಕ ಇದೆ, ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ತಂದಿದ್ದು. ಭಾರತಕ್ಕೆ ಬೇರೆಯದೇ ಲೆಕ್ಕ ಅದರಲ್ಲಿದೆ. ನಮ್ಮ ಸೆಂಟರ್‌ನಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಅವ್ವನ ಮುರಿದ ಮಣಿಕಟ್ಟು ವರದಿಯಲ್ಲಿ ಎಲ್ಲೂ ಇಲ್ಲ. ಎತ್ತರವನ್ನು ಅಳೆಯಲೇ ಇಲ್ಲ, ಕೇಳಿ ಬರೆದುಕೊಂಡರು. ಎತ್ತರ ಮುಖ್ಯ ರೀ. ಹರೆಯದಲ್ಲಿ ಇದ್ದಿದ್ದಕ್ಕಿಂತ 4 ಸೆಂಟಿಮೀಟರ್ ಅಥವಾ ಜಾಸ್ತಿ ಕುಗ್ಗಿದ್ದರೆ ಬೆನ್ನಿನ ಕಶೇರು ಒಳಗೊಳಗೇ ಕುಸಿದಿರಬಹುದು, ಹಾಗೆ ಕುಸಿಯುವವುಗಳಲ್ಲಿ ಬಹಳಷ್ಟಕ್ಕೆ ಜೋರು ನೋವೂ ಬರುವುದಿಲ್ಲ. ಡಾಕ್ಟ್ರು ಗೋಡೆಗೆ ನಿಲ್ಲಿಸಿ ಅಳೆದು, ಬೆನ್ನಿನ ಪಕ್ಕದ ಎಕ್ಸ್‌ರೇ ಬರೆದರು. ಒಂದು ಕಶೇರು ಮುಂದಿನಿಂದ ಕುಸಿದಿತ್ತು. ಅವ್ವ ಅದನ್ನು ಇಷ್ಟು ದಿನ ‘ನಡು ಹಿಡ್ಕಂಡೈತೆ’ ಅಂತ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು.

ಕೆಲವು ಕಡೆ ಬೆನ್ನಿನ ಡೆಕ್ಸಾ ಚಿತ್ರದಿಂದಲೇ ಟಿ.ಬಿ.ಎಸ್. ಅಂತ ಇನ್ನೊಂದು ಅಂಕ ತೆಗೆಯುತ್ತಾರೆ. ಚಿತ್ರದ ಕಪ್ಪು ಬಿಳುಪು ಎಷ್ಟು ಒರಟಾಗಿದೆ ಅಂತ ನೋಡಿ ಒಳಗಿನ ಜಾಲರಿ ಹೇಗಿದೆ ಅಂತ ಅಂದಾಜು ಹಾಕುವ ತಂತ್ರಾಂಶ. ಮತ್ತೆ ಮಲಗಿಸಬೇಕಾಗಿಲ್ಲ, ಬೇರೆ ಎಕ್ಸ್‌ರೇಯೂ ಇಲ್ಲ. ಸಕ್ಕರೆ ಇರುವವರಿಗೆ, ಸ್ಟೀರಾಯ್ಡ್ ತಗೊಳ್ಳುವವರಿಗೆ ಇದು ತುಂಬಾ ಉಪಯೋಗ. ನಾವು ಹೋದ ಕಡೆ ಇರಲಿಲ್ಲ. ನೀವು ಫೋನ್ ಮಾಡುವಾಗ ಕೇಳಿ ನೋಡಿ, ಕೇಳುವವರು ಜಾಸ್ತಿಯಾದರೆ ತರಿಸುತ್ತಾರೆ.

ಚಿಕಿತ್ಸೆ ವಿಷಯ ಬೇಗ ಮುಗಿಸುತ್ತೇನೆ, ಅದು ಅವರವರ ಡಾಕ್ಟ್ರು ಹೇಳಬೇಕಾದ್ದು. ಅವ್ವನಿಗೆ ಮೊದಲು ರಕ್ತ ಪರೀಕ್ಷೆ: ಕ್ಯಾಲ್ಸಿಯಂ, ಕಿಡ್ನಿ, ಥೈರಾಯ್ಡ್, ವಿಟಮಿನ್ ಡಿ. ಡಿ 14 ಇತ್ತು, 20ಕ್ಕಿಂತ ಕೆಳಗೆ ಇದ್ದರೆ ಕೊರತೆ. ಅದನ್ನು ಸರಿಮಾಡಿ, ಹಲ್ಲಿನ ಡಾಕ್ಟರ ಹತ್ತಿರ ಕೀಳುವ ಹಲ್ಲು ಇದ್ದರೆ ಕೀಳಿಸಿ, ಆಮೇಲೆ ಜೊಲೆಡ್ರೋನಿಕ್ ಆಮ್ಲ 5 ಮಿಲಿಗ್ರಾಂ, ವರ್ಷಕ್ಕೊಮ್ಮೆ ಡ್ರಿಪ್. ಇದು ಮೂಳೆಗೆ ಅಂಟಿಕೊಳ್ಳುತ್ತದೆ, ಕರಗಿಸುವ ಕೋಶ ಅದನ್ನು ಮೂಳೆ ಜೊತೆ ನುಂಗಿ ಸಾಯುತ್ತದೆ, ಕರಗುವುದು ಕಡಿಮೆಯಾಗುತ್ತದೆ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬಂತು, ಮೊದಲೇ ಹೇಳಿದ್ದರು. ವಾರಕ್ಕೊಂದು ಮಾತ್ರೆಯೂ ಇದೆ, ಅಲೆಂಡ್ರೊನೇಟ್, ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ಅವ್ವನಿಗೆ ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಬೇಕು, ಅದು ಆಗುವ ಮಾತಲ್ಲ ಅಂತ ಡ್ರಿಪ್ ಆರಿಸಿಕೊಂಡೆವು. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಬರೆದರೆ ಒಂದು ಎಚ್ಚರ: ನಡುವೆ ಸುಮ್ನೆ ಬಿಟ್ಟುಬಿಟ್ಟರೆ ಮೂಳೆ ವೇಗವಾಗಿ ಕರಗಿ ಕಶೇರುಗಳು ಕುಸಿಯಬಹುದು, ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

‘ನಾವು ರಾಗಿ ಮುದ್ದೆ ತಿನ್ನೋರು, ನಮಗೆಂಥ ಮೂಳೆ ಕಾಯಿಲೆ’ ಅನ್ನುವವರು ನಮ್ಮ ಜಿಲ್ಲೆಯಲ್ಲಿ ಬಹಳ. ರಾಗಿಯಲ್ಲಿ 100 ಗ್ರಾಂಗೆ 360 ಮಿಲಿಗ್ರಾಂಗೂ ಸ್ವಲ್ಪ ಮೇಲೆ ಕ್ಯಾಲ್ಸಿಯಂ ಇದೆ, ನಿಜ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಅಂತ ಐ.ಸಿ.ಎಂ.ಆರ್. (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ಮುದ್ದೆ, ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಎಲ್ಲ ಸೇರಿದರೆ ಅದರ ಹತ್ತಿರ ಹೋಗಬಹುದು. ಆದರೆ ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಪೂರ್ತಿ ಒಳಗೆ ಸೇರಲು ಬಿಡುವುದಿಲ್ಲ (ಮೊಳಕೆ ಕಟ್ಟಿದ ರಾಗಿಯಲ್ಲಿ ಅದು ಕಡಿಮೆ), ವಿಟಮಿನ್ ಡಿ ಇಲ್ಲದಿದ್ದರೆ ತಿಂದಿದ್ದು ಹೀರಿಕೊಳ್ಳುವುದೇ ಕಷ್ಟ, ನಮ್ಮ ಮಲೆನಾಡಿನ ಅಂಚಿನಲ್ಲಿ ಮಳೆಗಾಲ ಪೂರ್ತಿ ಬಿಸಿಲೇ ಕಾಣುವುದಿಲ್ಲ. ಮತ್ತೆ ಊಟ ಎಷ್ಟೇ ಚೆನ್ನಾಗಿದ್ದರೂ, ಕೋಶಗಳು ಮುದಿಯಾದ ಮೇಲೆ ಕ್ಯಾಲ್ಸಿಯಂ ಒಂದೇ ಹಾಕಿದರೆ ಕಟ್ಟುವವರು ಯಾರು? ಮುದ್ದೆ ಬಿಡಬೇಡಿ, ಪರೀಕ್ಷೆಯನ್ನೂ ಬಿಡಬೇಡಿ.

ನನ್ನ ಅಂಕ: ಸ್ಕ್ಯಾನ್ ಮಾಡಿದ ಹುಡುಗಿಗೆ ಐದಕ್ಕೆ ಐದು, ವರದಿಗೆ ಎರಡೂವರೆ, ಕೌಂಟರ್‌ಗೆ ಎರಡು, ಮೆಟ್ಟಿಲಿಗೆ ಸೊನ್ನೆ. ಮುಂದಿನ ಸ್ಕ್ಯಾನಿಗೂ ಅಲ್ಲಿಗೇ ಹೋಗುತ್ತೇವೆ, ಅದಕ್ಕೆ ಕಾರಣ ಇದೆ. ಒಂದು ಯಂತ್ರದ ಅಂಕವನ್ನು ಇನ್ನೊಂದು ಯಂತ್ರದ ಅಂಕದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಮೂಳೆ ಏರಿತಾ ಇಳಿಯಿತಾ ಅಂತ ಗೊತ್ತಾಗಬೇಕಾದರೆ ಅದೇ ಯಂತ್ರ, ಅದೇ ರೀತಿ ಮಲಗಿಸಿ ತೆಗೆದಿರಬೇಕು. ಆರು ತಿಂಗಳಿಗೆಲ್ಲ ಮಾಡಿಸಿದರೆ ಬದಲಾವಣೆ ಯಂತ್ರದ ಹೆಚ್ಚುಕಡಿಮೆಯೊಳಗೇ ಮುಳುಗಿಹೋಗುತ್ತದೆ, ಒಂದೆರಡು ವರ್ಷ ಬಿಟ್ಟು ಡಾಕ್ಟ್ರು ಹೇಳಿದಾಗ ಮಾಡಿಸಿ.

ಹೋಗುವವರಿಗೆ: ಕೆಳಮಹಡಿಯಲ್ಲಿ ಯಂತ್ರ ಇರುವ ಸೆಂಟರ್ ಸಿಕ್ಕರೆ ಅಲ್ಲಿಗೇ ಹೋಗಿ. ಬೆನ್ನು, ಸೊಂಟ ಎರಡೂ ಬೇಕು ಅಂತ ಬಿಲ್ ಮಾಡುವಾಗಲೇ ಹೇಳಿ, ದುಡ್ಡು ಉಳಿಸಲು ಒಂದೇ ಕಡೆ ತೆಗೆಸಬೇಡಿ. ಸೊಂಟದಲ್ಲಿ ರಾಡ್ ಇದ್ದರೆ ಇನ್ನೊಂದು ಕಡೆಯದನ್ನು ತೆಗೆಯುತ್ತಾರೆ, ಎರಡೂ ಕಡೆ ಆಗದಿದ್ದರೆ ಮುಂಗೈಯಲ್ಲಿ ತೆಗೆಯಬಹುದು. ಬರೀ ಅಂಕ ಇರುವ ಹಾಳೆ ಕೊಟ್ಟರೆ ಒಪ್ಪಬೇಡಿ, ಮೂಳೆಯ ಚಿತ್ರ ಇರುವ ಹಾಳೆಯನ್ನೂ ಕೇಳಿ ಪಡೆಯಿರಿ, ನಮ್ಮ ಡಾಕ್ಟ್ರು ನಾಲ್ಕನೇ ಕಶೇರಿನ ಮುಳ್ಳನ್ನು ಗುರುತಿಸಿದ್ದು ಅದರಿಂದಲೇ. ಹಳೇ ಎಕ್ಸ್‌ರೇ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಯಲ್ಲಿ ಒಯ್ಯಿರಿ. ವಾಪಸ್ ಹೋದ ಮೇಲೆ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ತಿಕ್ಕಿಸಿ, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ. ನಮ್ಮಲ್ಲಿ ಅದಕ್ಕೆ ಆದ ಖರ್ಚು ಸ್ಕ್ಯಾನಿನ ದುಡ್ಡಿನ ಅರ್ಧವೂ ಆಗಲಿಲ್ಲ.